ಸಸ್ಪೆನ್ಸ್ ಅಕೌಂಟಿನಲ್ಲಿದ್ದ ಒಂದು ಕಾಯಿಲೆ

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಸಸ್ಪೆನ್ಸ್ ಅಕೌಂಟ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಒಂದು ಮೊತ್ತ ಬಂದಿದೆ, ಆದರೆ ಯಾರದು, ಯಾವ ಲೆಕ್ಕಕ್ಕೆ ಸೇರಬೇಕು ಅನ್ನುವುದು ಗೊತ್ತಾಗುತ್ತಿಲ್ಲ. ಹಾಗಂತ ಬಿಟ್ಟುಬಿಡುವ ಹಾಗೂ ಇಲ್ಲ, ಸಂಜೆ ಲೆಕ್ಕ ಟ್ಯಾಲಿ ಆಗಬೇಕಲ್ಲ. ಆಗ ಅದನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್‌ಗೆ ಹಾಕುತ್ತೇವೆ. 'ತಾತ್ಕಾಲಿಕ' ಅನ್ನುವ ಪದ ನೋಡಿ ನಗಬೇಡಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕೈಬರಹದ ಲೆಡ್ಜರಿನ ಕಾಲದಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗಿನ ಎಂಟ್ರಿಗಳು ಇನ್ನೂ ಅಲ್ಲಿ ತಣ್ಣಗೆ ಕೂತಿದ್ದವು.

ಇವತ್ತು ಬರೆಯುತ್ತಿರುವುದು ಹಾಗೆ 57 ವರ್ಷ ಸಸ್ಪೆನ್ಸ್‌ನಲ್ಲಿ ಕೂತಿದ್ದ ಒಂದು ಕಾಯಿಲೆಯ ಇತಿಹಾಸ. ಓದಿದ್ದು ಬಿ.ಕಾಂ., ಡೆಬಿಟ್ ಕ್ರೆಡಿಟ್ ಬಿಟ್ಟು ಬೇರೆ ಗೊತ್ತಿಲ್ಲದವನಿಗೆ ವೈದ್ಯಕೀಯದ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಅದಕ್ಕೆ ಕಾರಣ ನನ್ನ ಅಕ್ಕನ ಮಗ.

2003ರ ಬೇಸಿಗೆ. ಡೊಂಬಿವಲಿಯಲ್ಲಿ ನಮ್ಮದು ಆಗ ಒಂದು ರೂಮು, ಒಂದು ಅಡುಗೆಮನೆ. ಬೆಳಿಗ್ಗೆ ಒಂದು ಗಂಟೆ ನಳ ಬಂದರೆ ಪುಣ್ಯ. ಅಕ್ಕ ಧಾರವಾಡದಿಂದ ಮಗನನ್ನು ಕರಕೊಂಡು ರಜೆಗೆ ಬಂದಿದ್ದಳು. ಹುಡುಗನಿಗೆ ಆರು ವರ್ಷ. ಬಂದ ದಿನದಿಂದ ನೀರು, ನೀರು, ನೀರು. ತಂಬಿಗೆ ಎತ್ತಿದರೆ ಇಳಿಸುತ್ತಿರಲಿಲ್ಲ. ರಾತ್ರಿ ನಾಲ್ಕೈದು ಸಲ ಏಳುವುದು, ಕುಡಿಯುವುದು, ಮೂತ್ರಕ್ಕೆ ಹೋಗುವುದು. ಎರಡು ರಾತ್ರಿ ಹಾಸಿಗೆಯೂ ಒದ್ದೆಯಾಯಿತು. "ಬಿಸಲಿಗೆ ಹಂಗ ಆಗೇದ" ಅಂದಳು ಅಕ್ಕ. ಊರಲ್ಲಿ ಡಾಕ್ಟರು ಸಕ್ಕರೆ ಕಾಯಿಲೆ ಇರಬಹುದೇ ಅಂತ ರಕ್ತ ನೋಡಿಸಿದ್ದರು, ಸಕ್ಕರೆ ಸರಿಯಾಗಿಯೇ ಇತ್ತು. ಹಾಗಾದರೆ ಇದು ಚಟ, ಅಂತ ತೀರ್ಮಾನ ಕೊಟ್ಟವನು ನಾನು. ಒಂದು ರಾತ್ರಿ "ಮಾಮಾ, ಇನ್ನೊಂದೀಟು ನೀರು ಕೊಡ್ರಿ" ಅಂತ ಅವನು ಅಳುತ್ತ ಬಂದಾಗ, ತಂಬಿಗೆಯನ್ನು ಕಪಾಟಿನ ಮೇಲಿಟ್ಟು, "ಬೆಳಗಾಗೂತನಾ ನೀರಿಲ್ಲ, ಮಲ್ಕೋ" ಅಂದೆ. ಬೆಳಿಗ್ಗೆ ಹುಡುಗನ ನಾಲಿಗೆ ಒಣಗಿತ್ತು, ಮೈ ಬಿಸಿಯಾಗಿತ್ತು, ಕರೆದರೆ ಸರಿಯಾಗಿ ಕಣ್ಣು ಬಿಡಲಿಲ್ಲ.

ಆಸ್ಪತ್ರೆಗೆ ಹೊತ್ತುಕೊಂಡು ಓಡಿದೆವು. ಡಾಕ್ಟರು ಸಲೈನ್ ಹಾಕಿ, ಹುಡುಗ ಚೇತರಿಸಿಕೊಂಡ ಮೇಲೆ ನಮ್ಮನ್ನು ಕೂರಿಸಿ ಹೇಳಿದರು. ಇದು ಸಕ್ಕರೆಯಿಲ್ಲದ ಡಯಾಬಿಟಿಸ್. ಮೆದುಳಿನ ಬುಡದಲ್ಲಿ ಪಿಟ್ಯುಟರಿ ಅಂತ ಕಡಲೆಕಾಳಿನಷ್ಟು ಗ್ರಂಥಿ ಇದೆ. 'ನೀರನ್ನು ಹಿಡಿದಿಟ್ಟುಕೋ' ಅಂತ ಮೂತ್ರಪಿಂಡಕ್ಕೆ ಆರ್ಡರ್ ಹೋಗುವುದು ಅಲ್ಲಿಂದ, ವಾಸೊಪ್ರೆಸಿನ್ ಅನ್ನುವ ಹಾರ್ಮೋನಿನ ರೂಪದಲ್ಲಿ. ಆ ಆರ್ಡರ್ ನಿಂತುಹೋದರೆ ಕುಡಿದದ್ದೆಲ್ಲ ಹೊರಗೆ. ಇಂಥ ಮಗುವಿಗೆ ನೀರು ಕೊಡದಿದ್ದರೆ ರಕ್ತದಲ್ಲಿ ಸೋಡಿಯಂ ಏರಿ ಪ್ರಾಣಕ್ಕೇ ಬರಬಹುದು. ಡಾಕ್ಟರು ನನ್ನ ಕಡೆ ನೋಡಿ ಹೇಳಲಿಲ್ಲ, ಆದರೂ ನನಗೆ ತಲೆ ಎತ್ತಲಾಗಲಿಲ್ಲ. ಅಕ್ಕ ಇವತ್ತಿನವರೆಗೂ ಆ ತಂಬಿಗೆಯ ಮಾತು ಎತ್ತಿಲ್ಲ.

ಎಂಆರ್‌ಐಯಲ್ಲಿ ಪಿಟ್ಯುಟರಿಯ ತೊಟ್ಟು ದಪ್ಪಗಾಗಿದ್ದು ಕಂಡಿತು. ಎಕ್ಸ್‌ರೇಯಲ್ಲಿ ಕಿವಿಯ ಮೇಲ್ಗಡೆ, ತಲೆಬುರುಡೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೂತು. ಅಲ್ಲಿಂದ ಚೂರು ತೆಗೆದು ಪರೀಕ್ಷಿಸಿದಾಗ ಹೆಸರು ಬಂತು: ಲ್ಯಾಂಗರ್‌ಹಾನ್ಸ್ ಸೆಲ್ ಹಿಸ್ಟಿಯೋಸೈಟೋಸಿಸ್. ಚೀಟಿಯ ಮೇಲೆ ಬರೆಸಿಕೊಂಡು ಲೋಕಲ್ ಟ್ರೇನಿನಲ್ಲಿ ಅದನ್ನು ಉರು ಹೊಡೆಯುತ್ತ ಮನೆಗೆ ಬಂದೆ. ಅಂದಿನಿಂದ ಇಂದಿನವರೆಗೆ ಈ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಪ್ರಾಯಶ್ಚಿತ್ತ ಅಂತಲೇ ಅಂದುಕೊಳ್ಳಿ.

ಮೊದಲು ಹಿಸ್ಟಿಯೋಸೈಟ್ ಅಂದರೆ ಏನು? ನಮ್ಮ ದೇಹದ ಅಂಗಾಂಗಗಳಲ್ಲಿ ಠಿಕಾಣಿ ಹೂಡಿ ಕಸ, ರೋಗಾಣು, ಸತ್ತ ಜೀವಕೋಶಗಳನ್ನು ನುಂಗುವ ಕಾವಲುಗಾರ ಕೋಶಗಳು. 1882ರಲ್ಲಿ ರಷ್ಯಾದ ಮೆಚ್ನಿಕಾಫ್, ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಕೋಶಗಳು ಅದರ ಸುತ್ತ ಮುತ್ತಿಕೊಳ್ಳುವುದನ್ನು ನೋಡಿದ. ಆ ದಾರಿಯ ಕೆಲಸಕ್ಕೆ 1908ರಲ್ಲಿ ಅವನಿಗೆ ನೊಬೆಲ್ ಬಂತು. ಈ ಕಾವಲುಗಾರರು ತಾವೇ ಲೆಕ್ಕ ತಪ್ಪಿ ಹೆಚ್ಚಿ, ಗುಂಪು ಕಟ್ಟಿ, ಕಾಯಬೇಕಾದ ಮನೆಯನ್ನೇ ಕೆಡವತೊಡಗಿದರೆ ಅದು ಹಿಸ್ಟಿಯೋಸೈಟೋಸಿಸ್. ಲ್ಯಾಂಗರ್‌ಹಾನ್ಸ್ ಬಗೆಯದು ವರ್ಷಕ್ಕೆ ಹತ್ತು ಲಕ್ಷ ಮಕ್ಕಳಲ್ಲಿ ಸುಮಾರು ನಾಲ್ಕೈದು ಮಕ್ಕಳಿಗೆ ಬರುತ್ತದೆ. ಅದು ಮೆದುಳಿಗೆ ಹೋಗುವುದು ಇನ್ನೂ ಅಪರೂಪ.

ಕಥೆ ಶುರುವಾಗುವುದು 1893ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಆಲ್ಫ್ರೆಡ್ ಹ್ಯಾಂಡ್ ಅನ್ನುವ ಯುವ ವೈದ್ಯನ ಎದುರಿಗೆ ಮೂರು ವರ್ಷದ ಮಗು. ತಡೆಯಲಾರದ ಬಾಯಾರಿಕೆ, ನಿಲ್ಲದ ಮೂತ್ರ, ಮುಂದಕ್ಕೆ ಚಾಚಿದ ಕಣ್ಣು. ಮಗು ಉಳಿಯಲಿಲ್ಲ. ಶವಪರೀಕ್ಷೆಯಲ್ಲಿ ತಲೆಬುರುಡೆ ಸವೆದಿದ್ದು ಕಂಡಿತು. ಹ್ಯಾಂಡ್ ಅದನ್ನು ಕ್ಷಯ ಅಂತ ಬರೆದ. ತಪ್ಪು ಅವನದಲ್ಲ. ಕ್ಷಯದ ರೋಗಾಣುವನ್ನು ಕಾಕ್ ತೋರಿಸಿ ಆಗ ಹನ್ನೊಂದೇ ವರ್ಷ, ಗೊತ್ತಿಲ್ಲದ್ದನ್ನೆಲ್ಲ ಆ ಖಾತೆಗೆ ಬರೆಯುವ ಕಾಲ. ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿಯಲು ಇನ್ನೂ ಎರಡು ವರ್ಷ ಬಾಕಿ ಇತ್ತು. ಬದುಕಿರುವ ಮಗುವಿನ ಬುರುಡೆಯೊಳಗೆ ಇಣುಕಲು ದಾರಿಯೇ ಇರಲಿಲ್ಲ.

ಆ ದಾರಿ ತೆರೆದವನು ವಿಯೆನ್ನಾದ ಆರ್ಟುರ್ ಷ್ಯೂಲರ್. 1874ರಲ್ಲಿ ಬ್ರುನೋ ಪಟ್ಟಣದಲ್ಲಿ ಹುಟ್ಟಿದ ಯಹೂದಿ. ತಲೆಬುರುಡೆಯ ಎಕ್ಸ್‌ರೇ ಓದುವುದನ್ನು ಒಂದು ವಿದ್ಯೆಯಾಗಿ ಕಟ್ಟಿದವನು, ಅದರ ಮೊದಮೊದಲ ಪುಸ್ತಕಗಳನ್ನು ಬರೆದವನು. 1915ರಲ್ಲಿ ಎಳೆಯರ ಬುರುಡೆಯಲ್ಲಿ ಕಂಡ ವಿಚಿತ್ರ ತೂತುಗಳ ಬಗ್ಗೆ ಬರೆದ. ಅಂಕುಡೊಂಕು ಅಂಚಿನ ಆ ತೂತುಗಳಿಂದ ಬುರುಡೆ ದೇಶಗಳ ನಕಾಶೆಯ ಹಾಗೆ ಕಾಣುತ್ತಿತ್ತು. ಆಮೇಲೆ ವೈದ್ಯರು ಅದನ್ನು 'ನಕಾಶೆ ಬುರುಡೆ' ಅಂತಲೇ ಕರೆದರು. 1919ರಲ್ಲಿ ಬಾಸ್ಟನ್ನಿನ ಹೆನ್ರಿ ಕ್ರಿಶ್ಚಿಯನ್, ಬುರುಡೆಯ ತೂತು, ಚಾಚಿದ ಕಣ್ಣು, ಸಕ್ಕರೆಯಿಲ್ಲದ ಡಯಾಬಿಟಿಸ್, ಈ ಮೂರೂ ಒಂದೇ ಕಾಯಿಲೆಯ ಮುಖಗಳು ಅಂದ. ಅದನ್ನು ಓದಿದ ಹ್ಯಾಂಡ್ 1921ರಲ್ಲಿ ತನ್ನ ಹಳೆಯ ಕೇಸನ್ನು ಮತ್ತೆ ತೆಗೆದು ನೋಡಿ, ತಾನು ಕಂಡದ್ದೂ ಇದೇ ಅಂತ ಬರೆದ. ಇಪ್ಪತ್ತೆಂಟು ವರ್ಷದ ಹಿಂದಿನ ಎಂಟ್ರಿ ತಪ್ಪಿತ್ತು ಅಂತ ತಾನೇ ಹೇಳಿ ತಿದ್ದಿದವನು! ನನ್ನ ಸರ್ವೀಸಿನಲ್ಲಿ ಅಂಥವರನ್ನು ಬಹಳ ನೋಡಿಲ್ಲ. ಹೀಗೆ ಹ್ಯಾಂಡ್-ಷ್ಯೂಲರ್-ಕ್ರಿಶ್ಚಿಯನ್ ಕಾಯಿಲೆ ಅನ್ನುವ ಹೆಸರು ಬಂತು.

ಷ್ಯೂಲರ್‌ನ ಮುಂದಿನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ಅವನಿಗೆ ಅರವತ್ತಮೂರು. ಊರು, ಆಸ್ಪತ್ರೆ, ಹೆಸರು ಎಲ್ಲ ಬಿಟ್ಟು ಇಂಗ್ಲೆಂಡಿಗೆ, ಅಲ್ಲಿಂದ 1939ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ. ಹಿಂದೆ ಉಳಿದ ಇಬ್ಬರು ಗಂಡುಮಕ್ಕಳೂ ಅವರ ಸಂಸಾರವೂ ನಾಜಿಗಳ ಕೈಗೆ ಸಿಕ್ಕಿ ಹತರಾದರು. ಆ ಮುದುಕ ಮೆಲ್ಬರ್ನ್‌ನ ಆಸ್ಪತ್ರೆಯಲ್ಲಿ ಮತ್ತೆ ಬುರುಡೆಯ ಎಕ್ಸ್‌ರೇಗಳನ್ನು ಬೆಳಕಿಗೆ ಹಿಡಿದು ನೋಡುತ್ತ ಕೆಲಸ ಮುಂದುವರಿಸಿದ. 1957ರಲ್ಲಿ ತೀರಿಕೊಂಡ. ನಾವೆಲ್ಲ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು. ದೀಪಾವಳಿಗೆ ರಿಸರ್ವೇಶನ್ ಸಿಗಲಿಲ್ಲ ಅನ್ನುವುದೇ ನಮಗೆ ದೊಡ್ಡ ದುಃಖ. ಅವನ ಊರು ಬಿಡುವಿಕೆ ಬೇರೆ ಜಾತಿಯದು.

ಅದೇ ವಿಯೆನ್ನಾದಲ್ಲಿ ಇನ್ನೊಂದು ಎಳೆ. ಯಾಕೋಬ್ ಎರ್ಡ್‌ಹೈಮ್ ಅನ್ನುವ ಹೆಸರಾಂತ ಪೆಥಾಲಜಿಸ್ಟ್ ಬಳಿ ಕಲಿಯಲು ಬಂದಿದ್ದ ಅಮೆರಿಕದ ವಿಲಿಯಂ ಚೆಸ್ಟರ್, 1930ರಲ್ಲಿ ಇಬ್ಬರು ರೋಗಿಗಳ ವಿವರ ಪ್ರಕಟಿಸಿದ. ಉದ್ದನೆಯ ಎಲುಬುಗಳಲ್ಲಿ ಕೊಬ್ಬು ತುಂಬಿದ ನೊರೆನೊರೆ ಕೋಶಗಳು. ಇದು ಕೊಬ್ಬು ಶೇಖರವಾಗುವ ಕಾಯಿಲೆ ಅನ್ನುವುದು ಆಗಿನ ನಂಬಿಕೆ. 1972ರಲ್ಲಿ ನ್ಯೂಯಾರ್ಕಿನ ಜಾಫೆ ಇದಕ್ಕೆ ಎರ್ಡ್‌ಹೈಮ್-ಚೆಸ್ಟರ್ ಕಾಯಿಲೆ ಅಂತ ಹೆಸರಿಟ್ಟ. ಇದು ಹೆಚ್ಚಾಗಿ ನನ್ನಂಥ ಐವತ್ತು ದಾಟಿದವರಿಗೆ ಬರುವುದು. ಮೊಣಕಾಲಿನ ಆಸುಪಾಸು ನೋವು ಅಂತ ಶುರುವಾಗಬಹುದು, ವಯಸ್ಸಾಯಿತು ಅಂತ ಎಣ್ಣೆ ತಿಕ್ಕಿಕೊಂಡು ಸುಮ್ಮನಿರುತ್ತೇವೆ. ಹೃದಯ, ಮಹಾಧಮನಿ, ಮೂತ್ರಪಿಂಡದ ಸುತ್ತ ಹಬ್ಬಬಹುದು. ಮೆದುಳಿಗೆ ಹೋದರೆ ಪಿಟ್ಯುಟರಿಯ ತೊಂದರೆ, ಜೊತೆಗೆ ಸೆರೆಬೆಲ್ಲಮ್ ಅನ್ನುವ ಕಿರುಮೆದುಳಿಗೆ ಪೆಟ್ಟು. ನಡೆದರೆ ಓಲಾಟ, ಮಾತಾಡಿದರೆ ತೊದಲು. ಕುಡಿದಿದ್ದಾನೆ ಅಂತ ನೋಡಿದವರು ಅಂದುಕೊಳ್ಳುವುದೂ ಉಂಟು. ಮೆದುಳು ಹೊಕ್ಕ ಎರ್ಡ್‌ಹೈಮ್-ಚೆಸ್ಟರ್ ಅಂದರೆ ಕೆಟ್ಟ ಸುದ್ದಿ ಅಂತಲೇ ಬಹುಕಾಲ ಲೆಕ್ಕ.

ಈಗ ಮಕ್ಕಳ ಕಾಯಿಲೆಗೆ ವಾಪಸ್ಸು ಬರೋಣ. 1924ರಲ್ಲಿ ಲೆಟರರ್, 1933ರಲ್ಲಿ ಸೀವೆ, ಕೂಸುಗಳಲ್ಲಿ ಇಡೀ ಮೈಗೆ ಹಬ್ಬುವ ಮಾರಕ ರೂಪವೊಂದನ್ನು ಬರೆದಿಟ್ಟರು. 1940ರಲ್ಲಿ ಎಲುಬಿನ ಒಂದೇ ಜಾಗಕ್ಕೆ ಸೀಮಿತವಾದ ಸೌಮ್ಯ ರೂಪ ದಾಖಲಾಯಿತು. ಮೂರು ಹೆಸರು, ಮೂರು ಪುಸ್ತಕ, ಮೂರು ಲೆಡ್ಜರು. 1953ರಲ್ಲಿ ಲೂಯಿಸ್ ಲಿಕ್ಟನ್‌ಸ್ಟೈನ್ ಅನ್ನುವವನು ಈ ಮೂರನ್ನೂ ಮರ್ಜ್ ಮಾಡಿಬಿಟ್ಟ! ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳ ಬೋರ್ಡು 2019, 2020ರಲ್ಲಿ ಇಳಿದಾಗ ನಮ್ಮ ಕನ್ನಡದವರಿಗೆಲ್ಲ ಹೊಟ್ಟೆ ಉರಿದಿತ್ತು. ಆದರೆ ಇದು ಬೇಕಾಗಿದ್ದ ಮರ್ಜರು. ಸೂಕ್ಷ್ಮದರ್ಶಕದಲ್ಲಿ ಮೂರರ ಕೋಶಗಳೂ ಒಂದೇ ಥರ ಕಾಣುತ್ತಿದ್ದವು. ಆದರೆ ಆ ಕೋಶ ಯಾವುದು, ಯಾಕೆ ಹೀಗಾಗುತ್ತದೆ? ಗೊತ್ತಿರಲಿಲ್ಲ. ಹಾಗಾಗಿ ಅವನು ಇಟ್ಟ ಹೆಸರು ಹಿಸ್ಟಿಯೋಸೈಟೋಸಿಸ್ ಎಕ್ಸ್. ಗಣಿತದಲ್ಲಿ ಗೊತ್ತಿಲ್ಲದ್ದಕ್ಕೆ ಎಕ್ಸ್ ಅನ್ನುವುದಿಲ್ಲವೇ, ಅದೇ ಎಕ್ಸ್. ನಮ್ಮ ಭಾಷೆಯಲ್ಲಿ ಸಸ್ಪೆನ್ಸ್ ಅಕೌಂಟು. ಗೊತ್ತಿಲ್ಲ ಅನ್ನುವುದನ್ನು ಹೆಸರಿನಲ್ಲೇ ಒಪ್ಪಿಕೊಂಡಿದ್ದರಿಂದ, ಮುಂದಿನವರಿಗೆ ಹುಡುಕಬೇಕು ಅನ್ನುವ ನೆನಪು ಉಳಿಯಿತು.

ಎಂಟ್ರಿಯ ಮಾಲೀಕನ ಗುರುತು ಸಿಕ್ಕಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ. ಅದಕ್ಕೆ ಹಿಂದಿನ ಕಥೆ ಒಂದಿದೆ. 1868ರಲ್ಲಿ ಬರ್ಲಿನ್ನಿನಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಅನ್ನುವ ಇಪ್ಪತ್ತೊಂದರ ವೈದ್ಯ ವಿದ್ಯಾರ್ಥಿ, ಚರ್ಮಕ್ಕೆ ಚಿನ್ನದ ಲವಣದ ಬಣ್ಣ ಹಾಕಿ, ಕವಲುಕವಲಾದ ಹೊಸ ಕೋಶಗಳನ್ನು ಕಂಡ. ನರಕೋಶ ಅಂದುಕೊಂಡ. ಮರುವರ್ಷ ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂಥ ಗುಂಪುಗಳನ್ನು ಕಂಡ. ಇನ್ಸುಲಿನ್ ಹುಟ್ಟುವ ಜಾಗ ಅವು ಅನ್ನುವುದು ಅವನಿಗೆ ಗೊತ್ತಾಗಲೇ ಇಲ್ಲ. ಕ್ಷಯ ಹಿಡಿದು ಮಡೀರಾ ದ್ವೀಪಕ್ಕೆ ಹೋಗಿ 1888ರಲ್ಲಿ, ನಲವತ್ತೊಂದಕ್ಕೂ ಮುಟ್ಟದೆ ತೀರಿಕೊಂಡ. 1961ರಲ್ಲಿ ಬರ್ಬೆಕ್ ಅನ್ನುವವನು ಚರ್ಮದ ಆ ಕೋಶಗಳೊಳಗೆ ಟೆನಿಸ್ ರಾಕೆಟ್ ಆಕಾರದ ಕಣಗಳನ್ನು ಕಂಡ. 1965ರಲ್ಲಿ ಫ್ರಾನ್ಸಿನ ಬಾಸೆ ಮತ್ತು ಟುರಿಯಾಫ್ ಹಿಸ್ಟಿಯೋಸೈಟೋಸಿಸ್ ಎಕ್ಸ್‌ನ ಕೋಶಗಳಲ್ಲೂ ಅಂಥವೇ ರಾಕೆಟ್ಟುಗಳನ್ನು ಕಂಡರು. 1973ರಲ್ಲಿ ಕ್ರಿಶ್ಚಿಯನ್ ನೆಜೆಲಾಫ್, ಇದು ಲ್ಯಾಂಗರ್‌ಹಾನ್ಸ್ ಕೋಶಗಳದೇ ಕಾಯಿಲೆ ಅಂದ. 1985ರಲ್ಲಿ ಹಿಸ್ಟಿಯೋಸೈಟ್ ಸೊಸೈಟಿ ಹುಟ್ಟಿತು, 1987ರಲ್ಲಿ ಎಕ್ಸ್ ಹೋಗಿ ಈಗಿನ ಹೆಸರು ಗಟ್ಟಿಯಾಯಿತು.

ಹೆಸರು ಬಂತು, ಕಾರಣ ಬರಲಿಲ್ಲ. ಅಂದರೆ ವೋಚರ್ ಮೇಲೆ ಹೆಸರಿದೆ, ಬಾಕಿ ಇನ್ನೂ ಹೊಂದಿಕೆಯಾಗಿಲ್ಲ. ಇದು ಕ್ಯಾನ್ಸರೋ, ಉರಿಯೂತವೋ ಅಂತ ವಾದ ನಡೆದೇ ಇತ್ತು. ನಮ್ಮ ಹುಡುಗನಿಗೆ ಕಾಯಿಲೆ ಬಂದ 2003ರಲ್ಲೂ ಡಾಕ್ಟರು ಪ್ರಾಮಾಣಿಕವಾಗಿ, "ಕ್ಯಾನ್ಸರ್ ಔಷಧಿಯೇ ಕೊಡುತ್ತೇವೆ, ಆದರೆ ಕ್ಯಾನ್ಸರ್ ಅಂತ ಖಚಿತವಾಗಿ ಹೇಳಲಾರೆವು" ಅಂದಿದ್ದರು. ಅಕ್ಕನಿಗೆ ಅದರಲ್ಲಿ ಮೊದಲನೇ ಅರ್ಧ ಮಾತ್ರ ಕೇಳಿಸಿತ್ತು.

ಆ ಔಷಧಿ ವಿನ್‌ಬ್ಲಾಸ್ಟಿನ್, ಜೊತೆಗೆ ಸ್ಟಿರಾಯ್ಡ್. ವಿನ್‌ಬ್ಲಾಸ್ಟಿನ್ ಎಲ್ಲಿಂದ ಬರುತ್ತದೆ ಗೊತ್ತೇ? ನಿತ್ಯಪುಷ್ಪದಿಂದ. ಇಲ್ಲಿ ಮರಾಠಿಯವರು ಸದಾಫುಲಿ ಅನ್ನುತ್ತಾರಲ್ಲ, ಅದೇ ಗುಲಾಬಿ ಬಣ್ಣದ ಐದೆಸಳಿನ ಹೂವು. ಮಡಗಾಸ್ಕರ್ ಮೂಲದ ಗಿಡ. ಸಕ್ಕರೆ ಕಾಯಿಲೆಗೆ ಅದರ ಎಲೆಯ ಕಷಾಯ ಕುಡಿಯುವ ರೂಢಿ ಹಲವು ಕಡೆ ಇತ್ತು. ಜಮೈಕಾದಿಂದ ಬಂದ ಎಲೆಗಳನ್ನು ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಪರೀಕ್ಷಿಸಿದರೆ, ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು! 1958ರ ಹೊತ್ತಿಗೆ ಅದರ ಸಾರ ಬೇರ್ಪಟ್ಟು ಕ್ಯಾನ್ಸರ್ ಔಷಧಿಯಾಯಿತು. ಸಕ್ಕರೆ ಕಾಯಿಲೆಗೆಂದು ಹುಡುಕಿದ ಗಿಡ, ಸಕ್ಕರೆಯಿಲ್ಲದ ಡಯಾಬಿಟಿಸ್ ಬಂದ ನಮ್ಮ ಹುಡುಗನಿಗೆ ಬಂದು ಒದಗಿತು. ನಮ್ಮ ಗ್ಯಾಲರಿಯ ಕುಂಡದಲ್ಲಿ ಅದು ಮೊದಲಿನಿಂದಲೂ ಇತ್ತು. ವಿಷಯ ಗೊತ್ತಾದ ಮೇಲೆ ಅಕ್ಕ ದಿನಾ ಅದಕ್ಕೆ ನೀರು ಹಾಕಿ ಕೈ ಮುಗಿಯತೊಡಗಿದಳು. ಹಾಗಂತ ಯಾರೂ ಎಲೆ ಅರೆದು ಕುಡಿಯಬೇಡಿ. ಅದು ವಿಷ, ಆಸ್ಪತ್ರೆಯಲ್ಲಿ ತೂಕ ಹಾಕಿ ಸೂಜಿಯಲ್ಲಿ ಕೊಡುವಂಥದ್ದು.

ತಿಂಗಳುಗಟ್ಟಲೆ ನಡೆಯಿತು. ಬುರುಡೆಯ ತೂತು ಮುಚ್ಚಿತು. ಆದರೆ ಪಿಟ್ಯುಟರಿಯ ಆರ್ಡರ್ ಮತ್ತೆ ಶುರುವಾಗಲಿಲ್ಲ, ಸಾಮಾನ್ಯವಾಗಿ ಆಗುವುದಿಲ್ಲವಂತೆ. ಅದಕ್ಕೆ ಡೆಸ್ಮೊಪ್ರೆಸಿನ್. ವಾಸೊಪ್ರೆಸಿನ್ನನ್ನು 1954ರಲ್ಲಿ ಪ್ರಯೋಗಶಾಲೆಯಲ್ಲಿ ಕಟ್ಟಿದ ದು ವಿಗ್ನೋ ಮರುವರ್ಷ ನೊಬೆಲ್ ಪಡೆದ. ಅದರ ಸುಧಾರಿತ ರೂಪ 1967ರಲ್ಲಿ ಪ್ರಾಗ್‌ನಲ್ಲಿ ತಯಾರಾಯಿತು. ಮೊದಲು ಮೂಗಿಗೆ ಸ್ಪ್ರೇ, ಈಗ ಗುಳಿಗೆ. ಹ್ಯಾಂಡ್ ನೋಡಿದ ಆ ಮೂರು ವರ್ಷದ ಮಗುವಿಗೆ ಸಿಗದೇ ಹೋದದ್ದು ಅದು.

ಕಾರಣ ಸಿಕ್ಕಿದ್ದು 2010ರಲ್ಲಿ. ಬಾಸ್ಟನ್ನಿನ ವಿಜ್ಞಾನಿಗಳು 61 ರೋಗಿಗಳ ಮಾದರಿ ಪರೀಕ್ಷಿಸಿದರು. 35ರಲ್ಲಿ ಬಿ-ರಾಫ್ ಅನ್ನುವ ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿತ್ತು. ಡಿಎನ್‌ಎಯ ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು. ಅಷ್ಟಕ್ಕೇ 'ಬೆಳೆ, ಬೆಳೆ' ಅನ್ನುವ ಸ್ವಿಚ್ಚು ಆಫ್ ಆಗದೆ ಉಳಿದುಬಿಡುತ್ತದೆ. ಒಂದು ಅಂಕಿ ತಪ್ಪಿದರೆ ಇಡೀ ಶಾಖೆ ರಾತ್ರಿಯೆಲ್ಲ ಕೂರುತ್ತಿದ್ದ ದಿನಗಳು ನೆನಪಾದವು. 2012ರಲ್ಲಿ ಪ್ಯಾರಿಸ್ಸಿನ ಆರೋಶ್ ಮತ್ತು ಸಂಗಡಿಗರು ಎರ್ಡ್‌ಹೈಮ್-ಚೆಸ್ಟರ್‌ನ 24 ರೋಗಿಗಳಲ್ಲಿ 13 ಜನರಿಗೆ ಅದೇ ತಪ್ಪು ತೋರಿಸಿದರು. ವಿಯೆನ್ನಾದ ಎರಡು ಎಳೆಗಳೂ ಒಂದೇ ಗಂಟಿಗೆ ಬಂದವು. ಇನ್ನೊಂದು ತಮಾಷೆ: ಆ 2010ರಲ್ಲೇ, ಈ ಕೋಶಗಳು ಚರ್ಮದ ಲ್ಯಾಂಗರ್‌ಹಾನ್ಸ್ ಕೋಶಗಳಿಂದ ಬಂದವಲ್ಲ, ಎಲುಬಿನ ಮಜ್ಜೆಯ ಕಡೆಯವು ಅನ್ನುವುದಕ್ಕೆ ಪುರಾವೆ ಬಂತು. ಅಂದರೆ ಹೆಸರು ಮತ್ತೆ ತಪ್ಪು! ಆದರೂ ಹಳೆಯ ಪಾಸ್‌ಬುಕ್ಕಿನ ಹಾಗೆ ಅದೇ ಚಲಾವಣೆಯಲ್ಲಿದೆ.

ಬಿ-ರಾಫ್‌ನ ಇದೇ ತಪ್ಪು ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರಿನಲ್ಲಿ 2002ರಲ್ಲೇ ಗೊತ್ತಾಗಿತ್ತು, ಅದಕ್ಕೆ 2011ರಲ್ಲಿ ವೆಮುರಾಫೆನಿಬ್ ಅನ್ನುವ ಗುಳಿಗೆ ಬಂದಿತ್ತು. ಬೇರೆ ಬೀಗಕ್ಕೆ ಮಾಡಿದ ಕೀಲಿ ಇಲ್ಲೂ ತಿರುಗಿತು. 22 ಎರ್ಡ್‌ಹೈಮ್-ಚೆಸ್ಟರ್ ರೋಗಿಗಳಲ್ಲಿ 12 ಜನರ ಗಡ್ಡೆ ಕುಗ್ಗಿತು, ಅದರ ಮೇಲೆ 2017ರ ನವೆಂಬರಿನಲ್ಲಿ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿತು. ಆ ಕಾಯಿಲೆಗೆಂದೇ ಅಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧಿ. 22 ಜನ ಅಂದರೆ ಚಿಕ್ಕ ಸಂಖ್ಯೆ ನಿಜ, ಇಂಥ ಅಪರೂಪದ ಕಾಯಿಲೆಗೆ ಅಷ್ಟು ಜನರನ್ನು ಒಟ್ಟುಗೂಡಿಸುವುದೇ ಸಾಹಸ. 2022ರಲ್ಲಿ ಕೋಬಿಮೆಟಿನಿಬ್ ಸೇರಿತು. ಆದರೆ ಗುಳಿಗೆ ನಿಲ್ಲಿಸಿದರೆ ಕಾಯಿಲೆ ಹೆಚ್ಚಾಗಿ ಮರಳುತ್ತದೆ, ಬೆಲೆಯೂ ನಮ್ಮಂಥವರ ಕೈಗೆಟುಕುವಂಥದ್ದಲ್ಲ.

ಇನ್ನು ಮೆದುಳಿನ ವಿಷಯದಲ್ಲಿ ನನ್ನನ್ನು ನಿಜವಾಗಿ ಹೆದರಿಸಿದ ಭಾಗ. ಪಿಟ್ಯುಟರಿಗೆ ತಗುಲಿದ ಕೆಲವು ಮಕ್ಕಳಲ್ಲಿ, ಎಲ್ಲ ವಾಸಿಯಾಯಿತು ಅಂದುಕೊಂಡು ವರ್ಷಗಳಾದ ಮೇಲೆ, ಕಿರುಮೆದುಳು ನಿಧಾನವಾಗಿ ಸವೆಯತೊಡಗುತ್ತದೆ. ಬಹಳ ಕಾಲ ಇದು ಯಾಕೆ ಅಂತ ತಿಳಿದಿರಲಿಲ್ಲ. 2017ರಲ್ಲಿ ಇಲಿಗಳ ಮೇಲಿನ ಒಂದು ಅಧ್ಯಯನ, ಭ್ರೂಣದಲ್ಲೇ ಹುಟ್ಟಿ ಮೆದುಳಿನಲ್ಲಿ ನೆಲೆಸುವ ಕಾವಲು ಕೋಶಗಳಲ್ಲಿ ಆ ಒಂದಕ್ಷರದ ತಪ್ಪಿದ್ದರೆ ಮುಂದೆ ಮೆದುಳು ಸವೆಯುತ್ತದೆ ಅಂತ ತೋರಿಸಿತು. 2018ರಲ್ಲಿ ರೋಗಿಗಳ ಮೆದುಳಿನಲ್ಲೇ ಆ ತಪ್ಪಿರುವ ಕೋಶಗಳು ಕಂಡವು. ಅಂದರೆ ಅದು ಹಳೆಯ ಗಾಯದ ಕಲೆಯಲ್ಲ, ಒಳಗೆ ಕಾಯಿಲೆ ಇನ್ನೂ ನಡೆಯುತ್ತಿದೆ. ನಡೆಯುತ್ತಿದೆ ಅಂದರೆ ತಡೆಯಲೂ ಬಹುದು. ಬೇಗ ಹಿಡಿದಷ್ಟೂ ಒಳ್ಳೆಯದು ಅನ್ನುವುದು ಈಗಿನ ತಿಳಿವಳಿಕೆ. ಮೊದಲ ಗುರುತುಗಳು ಸಣ್ಣವು. ಕೈ ನಡುಕ, ನಡಿಗೆಯ ಓಲಾಟ, ಶಾಲೆಯಲ್ಲಿ ಹಿಂದೆ ಬೀಳುವುದು, ಕೈಬರಹ ಕೆಡುವುದು.

ನಮ್ಮ ಹುಡುಗ ಈಗ ಮೂವತ್ತರ ಹತ್ತಿರ, ಪುಣೆಯಲ್ಲಿ ಕೆಲಸ. ಚೀಲದಲ್ಲಿ ಗುಳಿಗೆ, ಕೈಯಲ್ಲಿ ನೀರಿನ ಬಾಟಲಿ ಸದಾ ಇರುತ್ತದೆ. ನಿಗದಿಯಂತೆ ಎಂಆರ್‌ಐ ಆಗುತ್ತದೆ. ಅವನ ಮೊದಲ ಉಳಿತಾಯ ಖಾತೆ ತೆರೆಸಿದ್ದು ನಾನೇ, ಆಗಿನ ಸಹಿಯ ಒಂದು ಪ್ರತಿ ನನ್ನ ಬೀರುವಿನಲ್ಲಿದೆ. ಪ್ರತಿ ದೀಪಾವಳಿಗೆ ಮನೆಗೆ ಬಂದಾಗ ಏನಾದರೂ ನೆಪ ಮಾಡಿ, ಇಲ್ಲಿ ನಾಮಿನೇಶನ್ ಫಾರ್ಮು, ಅಲ್ಲಿ ಪಿಪಿಎಫ್ ಚೀಟಿ ಅಂತ, ಒಂದು ಸಹಿ ಹಾಕಿಸಿಕೊಳ್ಳುತ್ತೇನೆ. ಅವನು ಹೋದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಮೂವತ್ತು ವರ್ಷ ಚೆಕ್ಕಿನ ಸಹಿ ನೋಡಿದ ಕಣ್ಣು, ಸುಲಭಕ್ಕೆ ಮೋಸ ಹೋಗುವುದಿಲ್ಲ.

ಹೋದ ದೀಪಾವಳಿಯಲ್ಲಿ ಫಾರ್ಮು ಮುಂದೆ ಹಿಡಿದಾಗ ಅವನು ನಕ್ಕ. "ಮಾಮಾ, ಸಹಿ ಅದ ಅದ. ತಂಬಿಗಿ ಎಲ್ಲಿಟ್ಟೀರಿ, ನೀರು ಕೊಡ್ರಿ" ಅಂದ. ಅವನಿಗೆ ಆ ರಾತ್ರಿ ನೆನಪಿದೆಯೋ, ಅಕ್ಕ ಹೇಳಿದ್ದಳೋ, ನಾನು ಕೇಳಲಿಲ್ಲ. ಎದ್ದು ಹೋಗಿ ತಂಬಿಗೆ ತುಂಬಿಸಿ ತಂದುಕೊಟ್ಟೆ.

ಸಕ್ಕರೆಯಿಲ್ಲದ ಡಯಾಬಿಟಿಸ್ಸಿನ ಹೆಸರನ್ನು 2022ರಲ್ಲಿ ವೈದ್ಯರು ವಾಸೊಪ್ರೆಸಿನ್ ಕೊರತೆ ಅಂತ ಬದಲಿಸಿದ್ದಾರೆ, ಸಕ್ಕರೆ ಕಾಯಿಲೆಯ ಜೊತೆ ಗೊಂದಲವಾಗಿ ಆಸ್ಪತ್ರೆಗಳಲ್ಲೇ ಎಡವಟ್ಟುಗಳಾದವು ಅಂತ. ಹೆಸರು ಏನಾದರೂ ಇರಲಿ. ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಮಗು ಹಗಲು ರಾತ್ರಿ ನೀರು ಬೇಡಿದರೆ, ಸಕ್ಕರೆ ಸರಿಯಿದೆ ಅಂದಮಾತ್ರಕ್ಕೆ ಚಟ ಅನ್ನಬೇಡಿ. ಮೊದಲು ನೀರು ಕೊಡಿ, ಆಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.